ಇಬ್ಬರು ಒಬ್ಬರಾದಾಗ, ಒಬ್ಬರು ಇಬ್ಬರಾದಾಗ

1871ರಲ್ಲಿ ಮುಂಬಯಿ ಪ್ರಾಂತ್ಯದ ಕನ್ನಡ ಸೀಮೆಯಿಂದ ‘ನಗದವರನ್ನು ನಗಿಸುವ ಕಥೆ’ ಎಂಬ ಒಂದು ಪುಸ್ತಕ ಬಂತು. ಬರೆದವರು ಧಾರವಾಡದ ಚನ್ನಬಸಪ್ಪ. ಶಿಕ್ಷಣ ಇಲಾಖೆಯಲ್ಲಿ ಡೆಪ್ಯುಟಿ ಇನ್‌ಸ್ಪೆಕ್ಟರ್ ಆಗಿದ್ದವರು. ಆ ಹುದ್ದೆಯೇ ಹೆಸರಿಗೆ ಅಂಟಿಕೊಂಡು ‘ಡೆಪ್ಯುಟಿ ಚನ್ನಬಸಪ್ಪ’ ಆದವರು. ಮರಾಠಿಯೇ ಶಾಲೆ-ಕಚೇರಿಗಳ ಭಾಷೆಯಾಗಿದ್ದ ಕಾಲದಲ್ಲಿ ಉತ್ತರ ಕರ್ನಾಟಕದ ಊರುಗಳಿಗೆ ಕನ್ನಡ ಶಾಲೆ ತಂದವರಲ್ಲಿ ಅವರ ಹೆಸರು ಮೊದಲ ಸಾಲಿನದು. ಅವರು ಬರೆದ ಆ ಕಥೆ ಶೇಕ್ಸ್‌ಪಿಯರನ ‘ದ ಕಾಮೆಡಿ ಆಫ್ ಎರರ್ಸ್’ ನಾಟಕದ್ದು. ಒಂದೇ ಮುಖದ ಇಬ್ಬರು ಯಜಮಾನರು, ಒಂದೇ ಮುಖದ ಇಬ್ಬರು ಆಳುಗಳು, ಒಂದೇ ಊರು, ಒಂದೇ ದಿನ. ಒಬ್ಬನ ಊಟ ಇನ್ನೊಬ್ಬ ಉಣ್ಣುತ್ತಾನೆ, ಒಬ್ಬನ ಏಟು ಇನ್ನೊಬ್ಬ ತಿನ್ನುತ್ತಾನೆ.

ಇದಕ್ಕೆ ಎರಡು ವರ್ಷ ಮೊದಲು, 1869ರಲ್ಲಿ, ಕಲ್ಕತ್ತೆಯಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ಇದೇ ನಾಟಕವನ್ನು ‘ಭ್ರಾಂತಿಬಿಲಾಸ್’ ಎಂಬ ಹೆಸರಿನಲ್ಲಿ ಬಂಗಾಳಿಗೆ ತಂದಿದ್ದರು. ಅವರೂ ಒಂದು ಕಾಲದಲ್ಲಿ ಶಾಲಾ ಇನ್‌ಸ್ಪೆಕ್ಟರ್. ಅವರೂ ನಾಟಕವನ್ನು ನಾಟಕವಾಗಿ ಉಳಿಸದೆ ಗದ್ಯದ ಕಥೆ ಮಾಡಿದರು. ದೇಶದ ಎರಡು ತುದಿಗಳಲ್ಲಿ ಇಬ್ಬರು ಶಾಲಾ ಅಧಿಕಾರಿಗಳು ಎರಡೇ ವರ್ಷದ ಅಂತರದಲ್ಲಿ ಒಂದೇ ನಾಟಕಕ್ಕೆ ಒಂದೇ ಬಗೆಯ ಚಿಕಿತ್ಸೆ ಮಾಡಿದ್ದಾರೆ. ಅವಳಿಗಳ ಕಥೆಗೆ ಇಂಥ ಅವಳಿ ಹುಟ್ಟು ಸಿಕ್ಕಿದ್ದು ಚೆನ್ನಾಗಿಯೇ ಇದೆ. ಕಾರಣವನ್ನು ಊಹಿಸುವುದೂ ಕಷ್ಟವಲ್ಲ. ಹೊಸದಾಗಿ ಓದಲು ಕಲಿತವರ ಕೈಗೆ ಕೊಡಲು ಗದ್ಯ ಬೇಕಿತ್ತು. ದೊರೆಗಳ ಕೊಲೆ, ಪ್ರೇತ, ವಿಷ ಇಲ್ಲದ, ಮುಂದೇನಾಯಿತು ಎಂದು ಪುಟ ತಿರುಗಿಸುವಂತೆ ಮಾಡುವ ಕಥೆ ಬೇಕಿತ್ತು.

ಚನ್ನಬಸಪ್ಪನವರ ಶೀರ್ಷಿಕೆಯನ್ನು ಇನ್ನೊಮ್ಮೆ ನೋಡಿ. ವಿದ್ಯಾಸಾಗರರು ‘ಭ್ರಾಂತಿ’ ಎಂಬ ಸಂಸ್ಕೃತ ಪದದ ಮೂಲಕ ಮೂಲದ ಹೆಸರಿಗೆ ಹತ್ತಿರದಲ್ಲೇ ಇದ್ದಾರೆ. ಕನ್ನಡದ ಹೆಸರಿನಲ್ಲಿ ತಪ್ಪೂ ಇಲ್ಲ, ಭ್ರಾಂತಿಯೂ ಇಲ್ಲ, ಇರುವುದು ಓದುಗ. ಅದೂ ಸುಮ್ಮನೆ ನಗುವ ಓದುಗನಲ್ಲ, ನಗದೇ ಕೂತವನು. ಪುಸ್ತಕದೊಳಗೆ ಏನಿದೆ ಎನ್ನುವುದಕ್ಕಿಂತ ಅದು ಓದುವವರಿಗೆ ಏನು ಮಾಡುತ್ತದೆ ಎಂಬುದನ್ನು ಹೆಸರಾಗಿ ಇಡುವುದು, ಹಳ್ಳಿ ಹಳ್ಳಿ ತಿರುಗಿ ಮಕ್ಕಳನ್ನು ಶಾಲೆಗೆ ಕರೆದವರಿಗೆ ಹೊಳೆಯುವ ಉಪಾಯ.

*

ಕಥೆ ಶೇಕ್ಸ್‌ಪಿಯರನದೂ ಅಲ್ಲ. ಕ್ರಿಸ್ತಪೂರ್ವ 200ರ ಆಸುಪಾಸಿನಲ್ಲಿ ರೋಮಿನಲ್ಲಿ ಪ್ಲಾಟಸ್ ಎಂಬ ನಾಟಕಕಾರ ಬರೆದ ‘ಮೆನೈಖ್ಮಿ’ ಇದರ ಮೂಲ. ಅಲ್ಲಿ ಅವಳಿ ಯಜಮಾನರು ಮಾತ್ರ. ಆಳುಗಳನ್ನೂ ಅವಳಿ ಮಾಡಿ ಗೊಂದಲವನ್ನು ಇಮ್ಮಡಿಗಿಂತ ಹೆಚ್ಚಿಸಿದ್ದು ಶೇಕ್ಸ್‌ಪಿಯರ್. ಇಂಗ್ಲಿಷ್ ನಾಟಕ 1594ರ ಡಿಸೆಂಬರ್ 28ರಂದು ಲಂಡನ್ನಿನ ಗ್ರೇಸ್ ಇನ್ ಎಂಬ ವಕೀಲರ ವಿದ್ಯಾಲಯದಲ್ಲಿ ಆಡಲ್ಪಟ್ಟ ದಾಖಲೆ ಇದೆ. ನೋಡುಗರು ಕಾನೂನು ಓದುವವರು ಎಂಬುದು ನೆನಪಿರಲಿ, ಯಾಕೆಂದರೆ ನಾಟಕ ಶುರುವಾಗುವುದೇ ಒಂದು ಕಾನೂನಿನಿಂದ.

ಎಫೆಸಸ್ ಮತ್ತು ಸಿರಾಕ್ಯೂಸ್ ಎಂಬ ಎರಡು ಊರುಗಳಿಗೆ ವೈರ. ಒಂದರ ವರ್ತಕ ಇನ್ನೊಂದರಲ್ಲಿ ಕಾಲಿಟ್ಟರೆ ಸಾವಿರ ಮಾರ್ಕು ದಂಡ, ಕೊಡದಿದ್ದರೆ ಮರಣ. ಕಳೆದುಹೋದ ಮಗನನ್ನು ಹುಡುಕುತ್ತ ಬಂದ ಮುದುಕ ಈಜಿಯನ್ ಸಿಕ್ಕಿಬೀಳುತ್ತಾನೆ. ಅವನಿಗೆ ಸೂರ್ಯ ಮುಳುಗುವವರೆಗೆ ಗಡುವು. ಅಷ್ಟರಲ್ಲಿ ಹಣ ಕೊಡುವ ಒಬ್ಬ ಪರಿಚಿತ ಸಿಗಬೇಕು. ಮುಂದಿನ ಎಲ್ಲ ನಗೆಯೂ ಈ ಗಡುವಿನ ನೆರಳಿನಲ್ಲೇ ನಡೆಯುತ್ತದೆ. ಸಂಜೆ ಹೊತ್ತಿಗೆ ಮುದುಕ ತನ್ನ ಮಗನನ್ನು ನೋಡಿ ‘ಇವನು ನನ್ನವನು’ ಎಂದರೆ, ಅವನು ‘ನಿನ್ನನ್ನು ನಾನು ನೋಡಿಯೇ ಇಲ್ಲ’ ಎನ್ನುತ್ತಾನೆ. ಅವನೂ ಸುಳ್ಳು ಹೇಳುತ್ತಿಲ್ಲ. ಅವನು ಇನ್ನೊಬ್ಬ ಮಗ. ನಗದವರನ್ನು ನಗಿಸುವ ಕಥೆಯ ಒಳಗೆ ಒಂದು ಪರಊರಿನ ಜೀವ ತನ್ನ ಗುರುತು ಸಾಬೀತಾಗದೆ ಒದ್ದಾಡುತ್ತಿರುತ್ತದೆ.

ನಮ್ಮ ಹಳೆಯ ಕಥೆಗಳಲ್ಲೂ ಒಂದೇ ರೂಪದವರು ಬೇಕಾದಷ್ಟಿದ್ದಾರೆ. ವಾಲಿ ಸುಗ್ರೀವರು ಕಾದಾಡುವಾಗ ಯಾರು ಯಾರೆಂದು ತಿಳಿಯದೆ ರಾಮ ಬಾಣ ಬಿಡದೆ ನಿಲ್ಲುತ್ತಾನೆ. ಎರಡನೇ ಸಲ ಸುಗ್ರೀವನ ಕೊರಳಿಗೆ ಗಜಪುಷ್ಪಿಯ ಬಳ್ಳಿ ಬೀಳುತ್ತದೆ. ದಮಯಂತಿಯ ಸ್ವಯಂವರದಲ್ಲಿ ನಳನ ರೂಪದವರು ಐವರು. ಬೆವರದ, ರೆಪ್ಪೆ ಬಡಿಯದ, ಪಾದ ನೆಲಕ್ಕೆ ತಾಗದ ನಾಲ್ವರು ದೇವತೆಗಳು. ಬಾಡಿದ ಹೂಮಾಲೆಯ, ಬೆವರಿದ ಒಬ್ಬ ಮನುಷ್ಯ. ಅವಳು ಬೆವರಿದವನನ್ನು ಆರಿಸುತ್ತಾಳೆ. ಗಿರೀಶ ಕಾರ್ನಾಡರ ‘ನಾಗಮಂಡಲ’ದಲ್ಲಿ ನಾಗರಹಾವು ಗಂಡನ ರೂಪ ತಾಳಿ ರಾತ್ರಿ ರಾಣಿಯ ಬಳಿ ಬರುತ್ತದೆ. ಪಂಚಾಯ್ತಿಯ ಮುಂದೆ ಅವಳು ಹುತ್ತಕ್ಕೆ ಕೈಯಿಟ್ಟು, ಗಂಡನನ್ನೂ ಈ ಹಾವನ್ನೂ ಬಿಟ್ಟು ಯಾರನ್ನೂ ಮುಟ್ಟಿಲ್ಲ ಎಂದು ಆಣೆ ಮಾಡುತ್ತಾಳೆ. ಆಣೆಯ ಅಕ್ಷರ ಅಕ್ಷರವೂ ನಿಜ, ಕೇಳಿದವರಿಗೆ ತಿಳಿದ ಅರ್ಥ ಬೇರೆ.

ಇವನ್ನೆಲ್ಲ ಸಾಲಾಗಿ ಇಟ್ಟರೆ ಒಂದು ವಿಷಯ ಎದ್ದು ಕಾಣುತ್ತದೆ. ಒಂದೇ ಮುಖದವರ ಕಥೆಗಳ ಚರಿತ್ರೆ ಮುಖಗಳ ಚರಿತ್ರೆಯಲ್ಲ, ಗುರುತುಗಳ ಚರಿತ್ರೆ. ಯಾವುದನ್ನು ತೋರಿಸಿದರೆ ‘ಇವನೇ ಅವನು’ ಎಂದು ಊರು ಒಪ್ಪುತ್ತದೆ? ಒಂದು ಕಡೆ ಬಳ್ಳಿ, ಒಂದು ಕಡೆ ಬೆವರು, ಒಂದು ಕಡೆ ಆಣೆ. ಶೇಕ್ಸ್‌ಪಿಯರನಲ್ಲಿ ಕೊನೆಗೆ ಮಠದಿಂದ ಹೊರಬರುವ ತಾಯಿ. ಕಾಲ ಬದಲಾದಂತೆ ಸಾಕ್ಷಿ ಬದಲಾಗುತ್ತದೆ.

*

ಈ ಕಥೆಯನ್ನು ಕನ್ನಡಕ್ಕೆ ತರುವವರಿಗೆ ಇನ್ನೊಂದು ಕಷ್ಟವಿದೆ. ಇದು ನನ್ನ ಕಸುಬಿನ ಮಾತು. ಧಾರಾವಾಹಿಗಳ, ಹಾಸ್ಯ ಸರಣಿಗಳ ಉಪಶೀರ್ಷಿಕೆ ಅನುವಾದ ಮಾಡುವವರಿಗೆಲ್ಲ ಒಂದಲ್ಲ ಒಂದು ದಿನ ‘ತದ್ರೂಪಿಗಳ ಕಂತು’ ಎದುರಾಗುತ್ತದೆ. ಸಿಟ್‌ಕಾಮ್ ಬಹಳ ದಿನ ನಡೆದರೆ ನಾಯಕನಂಥದೇ ಮುಖದ ಇನ್ನೊಬ್ಬ ಬಾಗಿಲು ತಟ್ಟಲೇಬೇಕು. ಇಬ್ಬರೂ ಮನೆ ಅದಲುಬದಲು ಮಾಡಿಕೊಳ್ಳಲೇಬೇಕು. ಇಂಗ್ಲಿಷಿನಲ್ಲಿ ಹೆಂಡತಿ, ನಾದಿನಿ, ಮಾಲೀಕ, ಹಾಲಿನವನು ಎಲ್ಲರಿಗೂ ಎದುರಿನವನು ‘ಯೂ’. ಆ ಒಂದು ಪದದ ಮರೆಯಲ್ಲಿ ಹೊಸಬ ಅರ್ಧ ಗಂಟೆ ಬಚ್ಚಿಟ್ಟುಕೊಳ್ಳಬಹುದು.

ಕನ್ನಡದಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ನೀನು ಎನ್ನಬೇಕೋ ನೀವು ಎನ್ನಬೇಕೋ ಎಂಬುದು ಮೊದಲ ವಾಕ್ಯದಲ್ಲೇ ತೀರ್ಮಾನವಾಗಬೇಕು. ಹೆಂಡತಿಯ ತಂಗಿ ‘ಭಾವಾ’ ಎಂದು ಕರೆದ ಕ್ಷಣಕ್ಕೆ, ಅವಳು ಯಾರು ಎಂದೇ ತಿಳಿಯದವನಿಗೂ ತಾನು ಈ ಮನೆಯಲ್ಲಿ ಯಾರು ಎಂಬುದು ತಿಳಿದುಹೋಗುತ್ತದೆ. ನಾಟಕದಲ್ಲಿ ಪರಊರಿನ ಅವಳಿ ತನ್ನ ‘ಹೆಂಡತಿ’ಯ ತಂಗಿಗೆ ಪ್ರೇಮ ನಿವೇದಿಸುತ್ತಾನೆ. ಅವಳು ಭಾವ ಎಂದು ಕರೆದ ಮೇಲೆ ಆ ದೃಶ್ಯದ ತೂಕವೇ ಬೇರೆ. ಶೇಕ್ಸ್‌ಪಿಯರನ ಕಾಲದ ಇಂಗ್ಲಿಷಿನಲ್ಲೂ ಏಕವಚನ ಬಹುವಚನದ ಈ ಭೇದ ಇತ್ತು, ಆಮೇಲೆ ಕಳೆದುಹೋಯಿತು. ಆ ಮಟ್ಟಿಗೆ 1871ರ ಕನ್ನಡ ಓದುಗ ಮೂಲ ನಾಟಕಕ್ಕೆ ಇಂದಿನ ಇಂಗ್ಲಿಷ್ ಓದುಗನಿಗಿಂತ ಹತ್ತಿರವಿದ್ದ.

ಇದಕ್ಕಿಂತ ದೊಡ್ಡ ತೊಡಕು ಹೆಸರಿನದು. ನಾಟಕದಲ್ಲಿ ಅವಳಿಗಳಿಗೆ ಮುಖವಷ್ಟೇ ಅಲ್ಲ, ಹೆಸರೂ ಒಂದೇ. ಪ್ಲಾಟಸ್ ಇದಕ್ಕೆ ಕಾರಣ ಕೊಡುತ್ತಾನೆ: ಒಬ್ಬ ಮೊಮ್ಮಗ ಕಳೆದುಹೋದಾಗ ಅಜ್ಜ ಅವನ ಹೆಸರನ್ನು ಉಳಿದವನಿಗೆ ಇಟ್ಟ. ಶೇಕ್ಸ್‌ಪಿಯರ್ ಕಾರಣ ಕೊಡುವ ಗೋಜಿಗೇ ಹೋಗುವುದಿಲ್ಲ. ಅಪರಿಚಿತ ಊರಿನಲ್ಲಿ ಎಲ್ಲರೂ ತನ್ನ ಹೆಸರು ಹಿಡಿದು ಕರೆಯುತ್ತಿರುವುದೇ ಹೊಸಬನ ಭಯಕ್ಕೆ ಕಾರಣ. ಆದರೆ ಗಂಡನ ಹೆಸರನ್ನು ಬಾಯಲ್ಲಿ ಹೇಳದ ಸೀಮೆಯಲ್ಲಿ ಈ ಭಯ ಹುಟ್ಟುವುದಾದರೂ ಹೇಗೆ? ಉತ್ತರ ಕರ್ನಾಟಕದಲ್ಲಿ ಮದುವೆಯ ದಿನ ಹೆಣ್ಣಿನ ಬಾಯಿಂದ ಗಂಡನ ಹೆಸರು ಹೊರಡಿಸಲು ಒಡಪು ಬೇಕು. ಮರಾಠಿಯ ಉಖಾಣೆ ಅದರ ಅಕ್ಕನೋ ತಂಗಿಯೋ. ಪ್ರಾಸದ ನಡುವೆ ಒಮ್ಮೆ ಹೆಸರು ಬಂದು ಹೋದರೆ ಮುಗಿಯಿತು, ಆಮೇಲೆ ಎಲ್ಲ ‘ರೀ’ ಮತ್ತು ‘ಅವರು’. ಈ ವಿಷಯ ನೆನಪಿಡಿ, ಧಾರಾವಿಯಲ್ಲಿ ಮತ್ತೆ ಬೇಕಾಗುತ್ತದೆ.

*

ಪುಸ್ತಕದಿಂದ ಕಥೆ ಬೆಳ್ಳಿತೆರೆಗೆ ಹಾರಿತು. ವಿದ್ಯಾಸಾಗರರ ಗದ್ಯದಿಂದ 1963ರಲ್ಲಿ ಉತ್ತಮ್ ಕುಮಾರರ ‘ಭ್ರಾಂತಿಬಿಲಾಸ್’ ಬಂತು. ಅದರ ಬೆನ್ನಿಗೆ ಹಿಂದಿಯಲ್ಲಿ 1968ರ ‘ದೋ ದೂನಿ ಚಾರ್’, 1982ರಲ್ಲಿ ಗುಲ್ಜಾರರ ‘ಅಂಗೂರ್’. ಕನ್ನಡದಲ್ಲಿ 1997ರಲ್ಲಿ ಎನ್.ಎಸ್. ಶಂಕರ್ ‘ಉಲ್ಟಾ ಪಲ್ಟಾ’ ಮಾಡಿದರು. ರಮೇಶ್ ಅರವಿಂದ್ ಮತ್ತು ಕರಿಬಸವಯ್ಯ ಅವಳಿ ಜೋಡಿಗಳು. ಚನ್ನಬಸಪ್ಪನವರ ಪುಸ್ತಕಕ್ಕೂ ಈ ಚಿತ್ರಕ್ಕೂ ನಡುವೆ 126 ವರ್ಷ.

ಇನ್ನೊಂದು ಬಳ್ಳಿ ತೆಲುಗಿನಿಂದ ಹಬ್ಬಿತು. 1964ರ ‘ರಾಮುಡು ಭೀಮುಡು’, 1965ರಲ್ಲಿ ತಮಿಳಿನ ‘ಎಂಗ ವೀಟ್ಟು ಪಿಳ್ಳೈ’, 1967ರಲ್ಲಿ ಹಿಂದಿಯ ‘ರಾಮ್ ಔರ್ ಶ್ಯಾಮ್’. ಅಂಜುಬುರುಕನೊಬ್ಬ, ಧೈರ್ಯಸ್ಥನೊಬ್ಬ ಸ್ಥಳ ಬದಲಿಸಿಕೊಳ್ಳುತ್ತಾರೆ. ಎನ್‌ಟಿಆರ್, ಎಂಜಿಆರ್, ದಿಲೀಪ್ ಕುಮಾರ್ ಮೂವರೂ ಒಂದೇ ಕಥೆಯಲ್ಲಿ ಇಬ್ಬಿಬ್ಬರಾದರು. ನಮ್ಮ ರಾಜ್‌ಕುಮಾರ್ 1975ರ ‘ದಾರಿ ತಪ್ಪಿದ ಮಗ’ದಲ್ಲಿ ಇಬ್ಬರು, 1978ರ ‘ಶಂಕರ್ ಗುರು’ವಿನಲ್ಲಿ ಮೂವರು.

ಇದರ ತಂತ್ರ ಸರಳ, ಆದರೆ ಕಠಿಣ. ಕ್ಯಾಮೆರಾವನ್ನು ಅಲುಗದಂತೆ ಬಿಗಿದು, ಮಸೂರದ ಅರ್ಧ ಮುಚ್ಚಿ ನಟನನ್ನು ಒಂದು ಬದಿಯಲ್ಲಿ ಚಿತ್ರಿಸಬೇಕು. ರೀಲನ್ನು ಹಿಂದಕ್ಕೆ ಸುತ್ತಿ, ಇನ್ನರ್ಧ ಮುಚ್ಚಿ, ವೇಷ ಬದಲಿಸಿದ ಅದೇ ನಟನನ್ನು ಇನ್ನೊಂದು ಬದಿಯಲ್ಲಿ ಚಿತ್ರಿಸಬೇಕು. ನಟ ಎರಡೂ ಸಲ ಗಾಳಿಯೊಡನೆ ಮಾತಾಡುತ್ತಾನೆ. ಭುಜದ ಮೇಲಿಂದ ತೆಗೆಯುವ ದೃಶ್ಯಗಳಲ್ಲಿ ಮಾತ್ರ ಎದುರಿಗೆ ಒಬ್ಬ ಮನುಷ್ಯ ನಿಲ್ಲುತ್ತಾನೆ: ಡೂಪ್. ಅದೇ ಎತ್ತರ, ಅದೇ ಕೂದಲು, ಅದೇ ಅಂಗಿ. ನಮಗೆ ಕಾಣುವುದು ಅವನ ಬೆನ್ನು ಮಾತ್ರ. ಮುಂಬಯಿಯ ಚಿತ್ರೋದ್ಯಮ ಹೀಗೆ ಬೆನ್ನು ಬಾಡಿಗೆಗೆ ಕೊಟ್ಟ ಎಷ್ಟೋ ಜನರನ್ನು ದುಡಿಸಿಕೊಂಡಿದೆ. ಅವಳಿ ಚಿತ್ರದಲ್ಲಿ ನಿಜವಾಗಿ ಇರುವ ಎರಡನೆಯ ಮನುಷ್ಯ ಅವನೊಬ್ಬನೇ.

ಮುಂಬಯಿಯ ಅವಳಿ ಕಥೆಗಳಲ್ಲಿ ನನಗೆ ಹೆಚ್ಚು ಕಾಡುವುದು 1978ರ ‘ಡಾನ್’. ಸತ್ತ ಪಾತಕಿಯ ಜಾಗಕ್ಕೆ ಪೊಲೀಸ್ ಅಧಿಕಾರಿಯೊಬ್ಬ ಅದೇ ಮುಖದ ಬೀದಿ ಹಾಡುಗಾರ ವಿಜಯನನ್ನು ಕಳಿಸುತ್ತಾನೆ. ವಿಜಯ ಸಾಕುತ್ತಿರುವ ಇಬ್ಬರು ಮಕ್ಕಳ ಓದಿನ ಹೊಣೆಯನ್ನು ಅಧಿಕಾರಿ ಹೊರುತ್ತಾನೆ. ಈ ಅದಲುಬದಲು ಗೊತ್ತಿರುವುದು ಆ ಅಧಿಕಾರಿಗೆ ಮಾತ್ರ. ಅವನು ಸಾಯುತ್ತಾನೆ. ಆಮೇಲೆ ಪೊಲೀಸರ ಪಾಲಿಗೆ ವಿಜಯ ಪಾತಕಿ, ಪಾತಕಿಗಳ ಪಾಲಿಗೆ ಮೋಸಗಾರ. ಉಳಿದಿರುವುದು ಒಂದು ಡೈರಿ. ಅದು ಸಿಕ್ಕರೆ ಅವನು ವಿಜಯ, ಸಿಗದಿದ್ದರೆ ಅಲ್ಲ. ಸಿಟ್‌ಕಾಮಿನಲ್ಲಿ ಕಂತು ಮುಗಿಯುವಷ್ಟರಲ್ಲಿ ಎಲ್ಲರೂ ತಮ್ಮ ತಮ್ಮ ಮನೆಗೆ ಮರಳಿರುತ್ತಾರೆ. ಆ ಪ್ರಕಾರ ಕೊಡುವ ಭರವಸೆಯೇ ಅದು. ‘ಡಾನ್’ ಆ ಭರವಸೆ ಕೊಡುವುದಿಲ್ಲ. ನೀನು ಯಾರೆಂದು ಬಲ್ಲವನು ಸತ್ತರೆ, ಮುಂದಿನದು ಕಾಗದದ ಕೈಯಲ್ಲಿ.

*

ಧಾರಾವಿಗೆ ಬರೋಣ. ಮಾಹಿಮ್ ಖಾರಿಯ ಪಕ್ಕದ ಕೋಳಿ ಮೀನುಗಾರರ ಹಳ್ಳಿ ಇದರ ಮೊದಲ ರೂಪ. 1737ರಲ್ಲಿ ಇಂಗ್ಲಿಷರು ಕಟ್ಟಿದ ಕಾಲಾ ಕಿಲ್ಲಾ ಇಂದಿಗೂ ಇಲ್ಲಿದೆ. ಸೌರಾಷ್ಟ್ರದ ಕುಂಬಾರರು ಬಂದರು, ತಿರುನೆಲ್ವೇಲಿಯಿಂದ ಚರ್ಮ ಹದ ಮಾಡುವವರು ಬಂದರು, ಉತ್ತರ ಪ್ರದೇಶದ ಹೊಲಿಗೆಯವರು ಬಂದರು, ಕಲಬುರಗಿ ಕಡೆಯಿಂದ ಕನ್ನಡಿಗರು ಬಂದರು. ಸುಮಾರು ಎರಡೂವರೆ ಚದರ ಕಿಲೋಮೀಟರಿನಲ್ಲಿ ಲಕ್ಷಗಟ್ಟಲೆ ಜನ. ರೈಲು ಹಳಿಯ ಆಚೆ ಮಾಟುಂಗಾ. ಅಲ್ಲಿ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘಗಳ ಕನ್ನಡ. ಈಚೆ ಇರುವುದು ಗಲ್ಲಿಯ ಕನ್ನಡ, ಅರ್ಧಕ್ಕರ್ಧ ಮರಾಠಿ, ಹಿಂದಿ ಬೆರೆತದ್ದು. ಪಾಲಿಕೆ ಶಾಲೆ ನಡೆಸುವ ಎಂಟು ಮಾಧ್ಯಮಗಳಲ್ಲಿ ಕನ್ನಡವೂ ಒಂದು.

ಈ ನಗರ ದಕ್ಷಿಣದವರಿಗೆಲ್ಲ ಬಹುಕಾಲ ಒಂದೇ ಮುಖ ಕೊಟ್ಟಿತ್ತು: ‘ಮದರಾಸಿ’. ಕನ್ನಡ, ತುಳು, ತಮಿಳು, ಮಲಯಾಳ, ತೆಲುಗು ಯಾವುದಾದರೇನು. 1966ರ ಜೂನ್ 19ರಂದು ಹುಟ್ಟಿದ ಶಿವಸೇನೆ ತನ್ನ ಮೊದಲ ವರ್ಷಗಳಲ್ಲಿ ಈ ಒಂದು ಮುಖದ ವಿರುದ್ಧವೇ ಕಟ್ಟಿದ ಚಳವಳಿ; ಉಡುಪಿ ಹೋಟೆಲುಗಳ ಮೇಲೂ ಕಲ್ಲು ಬಿತ್ತು. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಮುಂಬಯಿ ರಾಜ್ಯದಲ್ಲೇ ಇದ್ದವು. ಅಲ್ಲಿಂದ ಬೊಂಬಾಯಿಗೆ ಬಂದವನು ತನ್ನ ರಾಜಧಾನಿಗೆ ಬಂದಿದ್ದ. ಹತ್ತೇ ವರ್ಷದಲ್ಲಿ ಅದೇ ಮನುಷ್ಯ ಎಫೆಸಸಿನ ಸಿರಾಕ್ಯೂಸಿಗನಾದ. ಅವನು ಎಲ್ಲಿಗೂ ಹೋಗಿರಲಿಲ್ಲ, ಗಡಿ ಸರಿದಿತ್ತು.

ಮುಂದಿನದು ಕಾಗದದ ಕಥೆ. 1976ರ ಜನವರಿಯಲ್ಲಿ ಸರಕಾರ ಮುಂಬಯಿಯ ಗುಡಿಸಲುಗಳ ಗಣತಿ ಮಾಡಿ ಕುಟುಂಬಗಳಿಗೆ ಫೋಟೊಪಾಸ್ ಕೊಟ್ಟಿತು. ಮನೆಮಂದಿ ಒಟ್ಟಿಗೆ ನಿಂತು ತೆಗೆಸಿಕೊಂಡ ಆ ಚಿತ್ರ ಎಷ್ಟೋ ಮನೆಗಳಲ್ಲಿ ದೇವರ ಪಟದ ಹಿಂದೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಉಳಿದಿದೆ. ಆಮೇಲೆ ರೇಷನ್ ಕಾರ್ಡು, ಮತದಾರರ ಪಟ್ಟಿ, ವಿದ್ಯುತ್ ಬಿಲ್ಲು. 2010ರ ಸೆಪ್ಟೆಂಬರ್ 29ರಂದು ಇದೇ ಮಹಾರಾಷ್ಟ್ರದ ನಂದುರಬಾರ ಜಿಲ್ಲೆಯ ತೆಂಭಲಿಯಲ್ಲಿ ಮೊದಲ ಆಧಾರ್ ಸಂಖ್ಯೆಗಳು ಬಂದವು. ಬೆರಳಚ್ಚು ಅವಳಿಗಳಲ್ಲೂ ಬೇರೆ ಬೇರೆ. ಆ ಲೆಕ್ಕದಲ್ಲಿ ಪ್ಲಾಟಸನ ನಾಟಕ ಅವತ್ತಿಗೆ ಮುಗಿಯಬೇಕಿತ್ತು. ಆದರೆ ಜೇಡಿಮಣ್ಣು ಕಲಸುವ, ಚರ್ಮ ತಿಕ್ಕುವ ಕೈಯಲ್ಲಿ ಗೆರೆಗಳು ಸವೆಯುತ್ತವೆ. ಯಂತ್ರ ಬೆರಳನ್ನು ಗುರುತಿಸದೆ ಹಿಂದಕ್ಕೆ ಕಳಿಸುತ್ತದೆ.

2022ರ ನವೆಂಬರಿನಲ್ಲಿ ಧಾರಾವಿ ಪುನರಭಿವೃದ್ಧಿಯ ಟೆಂಡರು ಅದಾನಿ ಸಮೂಹದ ಪಾಲಾಯಿತು. 2024ರ ಮಾರ್ಚಿನಿಂದ ಮನೆ ಮನೆ ಸಮೀಕ್ಷೆ. ನೆಲಮಹಡಿಯ ಮನೆಯಲ್ಲಿ 2000ದ ಜನವರಿ 1ಕ್ಕೆ ಮೊದಲಿನಿಂದ ಇದ್ದೇವೆ ಎಂದು ತೋರಿಸಿದವರಿಗೆ ಧಾರಾವಿಯಲ್ಲೇ 350 ಚದರ ಅಡಿಯ ಮನೆ ಉಚಿತ. ಆ ದಿನದ ಆಚೆ ಬಂದವರಿಗೆ, ಮೇಲಂತಸ್ತಿನವರಿಗೆ ಬೇರೆ ನಿಯಮ, ಬೇರೆ ಜಾಗ. ಈಜಿಯನ್ನನಿಗೆ ಸೂರ್ಯಾಸ್ತದ ಗಡುವು ಮುಂದಿತ್ತು, ಇವರ ಗಡುವು ಇಪ್ಪತ್ತೈದು ವರ್ಷ ಹಿಂದಿದೆ. ಕಳೆದುಹೋದ ಒಂದು ದಿನಕ್ಕೆ ಮರಳಿ ಹೋಗಿ, ಅಲ್ಲಿ ತಾವು ನಿಂತಿದ್ದೆವು ಎಂದು ತೋರಿಸಬೇಕು.

ಇಲ್ಲಿ ನನ್ನಂಥವರ ಕೆಲಸ ಬರುತ್ತದೆ. ಕಲಬುರಗಿ, ಯಾದಗಿರಿ ಕಡೆಯ ಕನ್ನಡ ಶಾಲೆಯ ವರ್ಗಾವಣೆ ಪತ್ರ, ಗ್ರಾಮ ಪಂಚಾಯ್ತಿಯ ಜನನ ಪ್ರಮಾಣಪತ್ರ, ಮದುವೆಯ ಕರೆಯೋಲೆ ಕೂಡ ಮರಾಠಿಗೋ ಇಂಗ್ಲಿಷಿಗೋ ಅನುವಾದವಾಗಬೇಕು. ಪುಟಕ್ಕೆ ಇಷ್ಟು ಎಂದು ದರ. ಈ ಕಾಗದಗಳ ನಡುವೆ ಕೂತಾಗ ಅವಳಿ ಕಥೆ ತಲೆಕೆಳಗಾಗಿ ಕಾಣುತ್ತದೆ. ಶೇಕ್ಸ್‌ಪಿಯರನಲ್ಲಿ ಇಬ್ಬರನ್ನು ಊರು ಒಬ್ಬ ಎಂದುಕೊಂಡಿತು. ಇಲ್ಲಿ ಒಬ್ಬಳನ್ನು ಕಾಗದ ಇಬ್ಬರು ಎನ್ನುತ್ತದೆ.

ಉದಾಹರಣೆಗೆ ಬಸಮ್ಮ ಎಂಬ ಹೆಸರು ತೆಗೆದುಕೊಳ್ಳಿ. ಊರ ಶಾಲೆಯ ದಾಖಲೆಯಲ್ಲಿ ‘ಬಸಮ್ಮ ತಂದೆ ಶರಣಪ್ಪ’. ರೇಷನ್ ಕಾರ್ಡು ಬರೆದ ಮರಾಠಿ ಗುಮಾಸ್ತನ ಕಿವಿಗೆ ಅದು ‘ಬಾಸಮ್ಮಾ’. ಮಹಾರಾಷ್ಟ್ರದ ನಮೂನೆಗೆ ಹೆಸರು, ಗಂಡನ ಹೆಸರು, ಅಡ್ಡಹೆಸರು ಮೂರೂ ಬೇಕು. ಅಡ್ಡಹೆಸರು ಇಲ್ಲವೆಂದರೆ ಊರ ಹೆಸರೋ ಮಾವನ ಹೆಸರೋ ಅಲ್ಲಿ ಕೂರುತ್ತದೆ. ಗಂಡನ ಹೆಸರು ಬಾಯಲ್ಲಿ ಹೇಳದೆ ಬೆಳೆದ ಹೆಂಗಸು ಪಕ್ಕದವರ ಮುಖ ನೋಡುತ್ತಾಳೆ. ಪಕ್ಕದವರು ಕರೆಯುವ ಹೆಸರು ಹೇಳುತ್ತಾರೆ. ಮಲ್ಲಿಕಾರ್ಜುನ ‘ಮಲ್ಲು’ ಆಗಿ ದಾಖಲಾಗುತ್ತಾನೆ. ಆಧಾರಿನಲ್ಲಿ ಇಂಗ್ಲಿಷ್ ಅಕ್ಷರ ಇನ್ನೊಂದು ಬಗೆ. ನಾಲ್ಕು ಕಾಗದ, ನಾಲ್ಕು ಹೆಂಗಸರು, ಒಂದೇ ಮುಖ. ಇವರೆಲ್ಲ ಒಬ್ಬಳೇ ಎಂದು ಪ್ರಮಾಣಪತ್ರ ಮಾಡಿಸಬೇಕು. ನಾಗಮಂಡಲದ ರಾಣಿಗೆ ಹುತ್ತ, ಇವಳಿಗೆ ಛಾಪಾ ಕಾಗದ.

ಅನುವಾದಕರಿಗೆ ಇಲ್ಲಿ ಒಂದು ನಿಯಮವಿದೆ: ಕಾಗದದಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆಯಬೇಕು. ‘ಬಾಸಮ್ಮಾ’ ಎಂದಿದ್ದರೆ ನಾನು ‘ಬಸಮ್ಮ’ ಮಾಡುವಂತಿಲ್ಲ. ಇಬ್ಬರೂ ಒಬ್ಬರೇ ಎಂದು ಎದುರಿಗೆ ಕೂತ ಜೀವವನ್ನು ನೋಡಿ ನನಗೆ ತಿಳಿದರೂ, ಆ ತಿಳಿವಳಿಕೆಗೆ ಪುಟದಲ್ಲಿ ಜಾಗವಿಲ್ಲ. ನಿಯಮ ಸರಿಯಾದದ್ದೇ, ಅನುವಾದಕರು ಹೆಸರು ತಿದ್ದತೊಡಗಿದರೆ ಯಾವ ಕಾಗದಕ್ಕೂ ಬೆಲೆ ಉಳಿಯದು. ಆದರೆ ಆ ಗಲ್ಲಿಯಲ್ಲಿ ಮೂವತ್ತು ವರ್ಷ ನಲ್ಲಿಯ ಸಾಲಿನಲ್ಲಿ ಒಟ್ಟಿಗೆ ನಿಂತ ನೆರೆಯವರ ಮಾತಿಗೆ ಒಂದು ವಿದ್ಯುತ್ ಬಿಲ್ಲಿನಷ್ಟು ತೂಕ ಯಾಕಿಲ್ಲ ಎಂಬ ಪ್ರಶ್ನೆ ಉಳಿಯುತ್ತದೆ. ನಾಟಕದಲ್ಲಿ ದೊರೆ ಕಾನೂನನ್ನು ಬದಿಗಿಟ್ಟದ್ದು ಹೊಸ ದಾಖಲೆ ಸಿಕ್ಕಿದ್ದರಿಂದಲ್ಲ. ಇಬ್ಬರು ಅವಳಿಗಳೂ ಒಟ್ಟಿಗೆ ಎದುರು ನಿಂತರು, ಬಲ್ಲವರು ಮಾತಾಡಿದರು, ಅವನು ಕಿವಿಗೊಟ್ಟ. ದಂಡದ ಹಣ ಕೊಡಬಂದಾಗಲೂ ಬೇಡವೆಂದ.

ಸಮೀಕ್ಷೆಯಿಂದ ಹೊರಗುಳಿದವರು ಆಕ್ಷೇಪಣೆ ಸಲ್ಲಿಸಬೇಕು. ಅದರ ಜೊತೆಗೂ ಕಾಗದ ಇಡಬೇಕು. ನಿಮಗೆ ಪರಿಚಯದ ಕನ್ನಡ ಕುಟುಂಬ ಅಲ್ಲಿದ್ದರೆ, ಊರಿನ ಶಾಲೆಯಿಂದ ಹಳೆಯ ದಾಖಲೆಯ ದೃಢೀಕೃತ ಪ್ರತಿ ತರಿಸಿಕೊಡುವುದು ಸಣ್ಣ ಉಪಕಾರವಲ್ಲ. ಆ ಶಾಲೆಗಳಲ್ಲಿ ಮಕ್ಕಳ ಹೆಸರನ್ನು ಅವರ ಭಾಷೆಯಲ್ಲಿ, ಅವರ ಉಚ್ಚಾರದಲ್ಲಿ ಬರೆದಿಟ್ಟಿದ್ದಾರೆ. ಕನ್ನಡ ಶಾಲೆಗಾಗಿ ಚನ್ನಬಸಪ್ಪನವರಂಥವರು ಪಟ್ಟ ಪಾಡಿಗೆ ಹೀಗೂ ಒಂದು ಉಪಯೋಗ ಇದೆ.

ನಾಟಕದ ಕೊನೆಯಲ್ಲಿ ಯಜಮಾನರೆಲ್ಲ ಒಳಗೆ ಹೋಗುತ್ತಾರೆ. ಉಳಿಯುವವರು ಇಬ್ಬರು ಆಳುಗಳು, ದಿನವಿಡೀ ಒಬ್ಬನ ಏಟು ಇನ್ನೊಬ್ಬ ತಿಂದವರು. ಬಾಗಿಲಲ್ಲಿ ಯಾರು ಮೊದಲು ಹೋಗಬೇಕು? ಹಿರಿಯ. ಹಿರಿಯ ಯಾರು? ಅದಕ್ಕೆ ಅವರ ಬಳಿ ಯಾವ ದಾಖಲೆಯೂ ಇಲ್ಲ. ಸ್ವಲ್ಪ ಹೊತ್ತು ಯೋಚಿಸಿ, ಇಬ್ಬರೂ ಕೈ ಹಿಡಿದುಕೊಂಡು ಒಟ್ಟಿಗೆ ಒಳಗೆ ಹೋಗುತ್ತಾರೆ.